ಗಡಿ ಊರಿನ ಒಳ್ಳುಕಲ್ಲು

ನನ್ನ ಅತ್ತೆಗೂ ನನಗೂ ಆಗಿಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟು ಬರೆದಳು ಅನ್ನಬಾರದು. ಎದುರಿಗೆ ಆಕೆಗೆ ಬಹುವಚನ ಕೊಡುತ್ತಿದ್ದೆ, ಕೊಡದೆ ವಿಧಿ ಇರಲಿಲ್ಲ. ಬರೆಯುವಾಗ ಕೊಡುವುದಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ಆಕೆ ವಿಸಿಟ್ ವೀಸಾದ ಮೇಲೆ ಬಾಗಲಕೋಟೆಯಿಂದ ಅರಬ್ ಕರಾವಳಿಯ ರುವೈಸ್‌ಗೆ, ನಾವಿದ್ದ ರಿಫೈನರಿ ಊರಿಗೆ ಬಂದಳು. ಬಂದ ಸಂಜೆಯೇ ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ತನಗೆ ಬೇಕಾದ ಹಾಗೆ ಜೋಡಿಸಿದಳು. ನನ್ನ ಮನೆಯಲ್ಲಿ ಸಕ್ಕರೆ ಎಲ್ಲಿದೆ ಅಂತ ನಾನೇ ಕೇಳಬೇಕಾಯಿತು.

“ಇಷ್ಟು ದೊಡ್ಡ ಮನಿ ಐತಿ, ಒಂದು ಒಳ್ಳು ಇಲ್ಲಲ್ಲ,” ಅಂದಳು. ಖಾರ, ಚಟ್ನಿ ಕುಟ್ಟುವ ಕಲ್ಲಿಗೆ ನಮ್ಮ ಕಡೆ ಒಳ್ಳು ಅನ್ನುತ್ತಾರೆ.

“ಮಿಕ್ಸಿ ಐತ್ರಿ ಅತ್ತಿ.”

“ಮಿಕ್ಸ್ಯಾಗಿನ ಖಾರ ನನ್ನ ಮಗ ತಿನ್ನಂಗಿಲ್ಲ.”

ಆಕೆಯ ಮಗ ಮದುವೆಯಾದಾಗಿನಿಂದ ಅದನ್ನೇ ತಿಂದು ಮೈ ಬೆಳೆಸಿಕೊಂಡಿದ್ದರು. ಅಲ್ಲೇ ಸೋಫಾದ ಮೇಲೆ ಕೂತು ಟಿವಿ ನೋಡುತ್ತಿದ್ದರು. ರಿಮೋಟ್ ಒತ್ತಿ ಸದ್ದು ಏರಿಸಿದರು. ರಿಫೈನರಿಯಲ್ಲಿ ಇವರು ದೊಡ್ಡ ಎಂಜಿನಿಯರು, ನಾಲ್ಕು ಜನ ಸಲಾಂ ಹೊಡೆಯುತ್ತಿದ್ದರು. ತಾಯಿ ಹೆಂಡತಿ ಮಾತಿಗಿಳಿದರೆ ಮಾತ್ರ ಬಾಯಿಗೆ ಬೀಗ.

ನನ್ನ ಸಿಟ್ಟು ಬರೇ ಡಬ್ಬಿಗಳದ್ದಾಗಿದ್ದರೆ ಎಂದೋ ಇಳಿದುಹೋಗುತ್ತಿತ್ತು. ಅದಕ್ಕೆ ಬೇರೆ ಕಾರಣವಿತ್ತು. ಧಾರವಾಡದಲ್ಲಿ ಪ್ರಾಚೀನ ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ಮಲಪ್ರಭೆಯ ದಂಡೆಯ ಅಗೆತದಲ್ಲಿ ಬಿಸಿಲಿಗೆ ಕೂತು ಮಡಕೆ ಚೂರು ವಿಂಗಡಿಸುತ್ತಿದ್ದೆ, ಚೂರು ಕೈಗೆ ಬಂದರೆ ಹೊಟ್ಟೆ ಹಸಿವು ಮರೆಯುತ್ತಿತ್ತು. ಆಮೇಲೆ ಮದುವೆ, ವಿಮಾನ, ಕಂಪನಿಯ ಮನೆ. ಆ ಮನೆಯ ಮಂಚ ಕುರ್ಚಿಗಳಿಗೆಲ್ಲ ಕಂಪನಿಯ ನಂಬರು ಬಡಿದಿತ್ತು. ನನ್ನ ಪಾಸ್‌ಪೋರ್ಟಿನಲ್ಲಿ ಗೃಹಿಣಿ, ಕೆಲಸ ಮಾಡುವಂತಿಲ್ಲ ಅಂತ ಒತ್ತಿದ್ದರು. ಅದನ್ನು ಓದಿದಾಗಲೆಲ್ಲ ನನಗೆ ಪಾಸ್‌ಪೋರ್ಟನ್ನೇ ಹರಿದು ಹಾಕಬೇಕು ಅನ್ನಿಸುತ್ತಿತ್ತು.

ಗ್ರೀಕರ ಹಳೆಯ ಭೂಗೋಳದಲ್ಲಿ ಅರಬ್ ಕರಾವಳಿಯ ಊರುಗಳ ಹೆಸರು ಒಂದಾದ ಮೇಲೊಂದು ಬರುತ್ತವೆ. ಒಂದು ಕಡೆ ಹೆಸರುಗಳು ನಿಂತುಬಿಡುತ್ತವೆ. ಕೊನೆಯದು ಒಂದು ಗಡಿ ಊರು, ಅದರಾಚೆ ಬರೇ ಮರಳು. ಧಾರವಾಡದಲ್ಲಿ ನಮ್ಮ ಮೇಷ್ಟ್ರು ಆ ನಕ್ಷೆಯ ಮಸುಕು ಝೆರಾಕ್ಸ್ ಕೊಟ್ಟು, “ಇದು ಪರೀಕ್ಷೆಗೆ ಬರಂಗಿಲ್ಲ ಬಿಡ್ರಿ” ಅಂದಿದ್ದರು. ಪರೀಕ್ಷೆಗೆ ಬರಲಿಲ್ಲ ನಿಜ. ನಾನೇ ಅದರ ಅಂಚಿಗೆ ಬಂದು ಬಿದ್ದೆ.

ತಿಳಿದದ್ದು ಹೀಗೆ. ಕಾಲನಿಯ ಕ್ಲಬ್ಬಿನಲ್ಲಿ ಒಬ್ಬ ಯುರೋಪಿನ ಸಾಹೇಬ ಸ್ಲೈಡ್ ತೋರಿಸಿ ಭಾಷಣ ಮಾಡಿದ. ಹೆದ್ದಾರಿ ಬಿಟ್ಟು ಒಳಗೆ, ಕಡಲಿಗೂ ಮರಳಿಗೂ ನಡುವಿನ ಉಪ್ಪುನೆಲದಲ್ಲಿ ಒಂದು ದಿಬ್ಬವಿದೆ, ಪ್ರತಿ ಚಳಿಗಾಲ ಅಗೆಯುತ್ತಿದ್ದೇನೆ, ಭೂಗೋಳದ ಆ ಗಡಿ ಊರು ಇದೇ ಅಂದ. ಅವನ ದೇಶದ ಬೇರೆ ಪಂಡಿತರು ಇದಲ್ಲ ಅಂತ ನಗುತ್ತಿದ್ದರಂತೆ. ಅದಕ್ಕೇ ಆ ಮನುಷ್ಯ ಸದಾ ಮುಖ ಗಂಟಿಕ್ಕಿಕೊಂಡಿರುತ್ತಿದ್ದ. ಒಂದು ಸ್ಲೈಡಿನಲ್ಲಿ ಅಡುಗೆ ಮಡಕೆಯ ಬಾಯಿಯ ಚೂರು ಕಂಡಿತು. ನಾನು ಎದ್ದು ನಿಂತು, “ಅದು ಇಲ್ಲಿಯದಲ್ಲ, ನಮ್ಮ ಕಡೆಯದು” ಅಂದೆ. ಇವರು ನನ್ನ ಸೆರಗು ಜಗ್ಗಿ ಕೂಡಿಸಲು ನೋಡಿದರು. ಭಾಷಣ ಮುಗಿದ ಮೇಲೆ ಸಾಹೇಬ ನನ್ನನ್ನು ಹುಡುಕಿಕೊಂಡು ಬಂದ.

ಆ ಚಳಿಗಾಲದಿಂದ ನಾನು ವಾರದಲ್ಲಿ ಐದು ದಿನ ನಮ್ಮ ಹಳೇ ಕಾರು ಓಡಿಸಿಕೊಂಡು ದಿಬ್ಬಕ್ಕೆ ಹೋಗುತ್ತಿದ್ದೆ. ಪೋರ್ಟಾ ಕ್ಯಾಬಿನ್‌ನಲ್ಲಿ ಕೂತು ಚೂರುಗಳನ್ನು ತೊಳೆದು, ಬೇರ್ಪಡಿಸಿ, ಇದು ಎಲ್ಲಿಯದು ಅಂತ ಹೇಳುವುದು ನನ್ನ ಕೆಲಸ. ಸಂಬಳವಿಲ್ಲ, ಪಾಸ್‌ಪೋರ್ಟಿನ ಆ ಸಾಲು ಬಿಡಬೇಕಲ್ಲ. ಆದರೆ ಎರಡನೇ ಚಳಿಗಾಲ ಸಾಹೇಬ ಹೇಳಿದ: ಮುಂದಿನ ಸಲದಿಂದ ನಿಮ್ಮನ್ನು ನಮ್ಮ ಸಿಬ್ಬಂದಿಗೇ ಸೇರಿಸಿಕೊಳ್ಳುತ್ತೇನೆ, ಕಾಗದಪತ್ರ ನಾನೇ ಮಾಡಿಸುತ್ತೇನೆ, ಮಡಕೆಗಳ ಅಧ್ಯಾಯ ನೀವೇ ಬರೆಯಿರಿ. ಆ ದಿನ ಕಾರು ಓಡಿಸುತ್ತಾ ಒಬ್ಬಳೇ ಗಟ್ಟಿಯಾಗಿ ಹಾಡಿಕೊಂಡು ಮನೆಗೆ ಬಂದೆ. ಇಡೀ ಜೀವಮಾನದಲ್ಲಿ ನನಗೆ ಅಂತ ಯಾರಾದರೂ ಕೊಟ್ಟದ್ದಿದ್ದರೆ ಅದೊಂದೇ.

ಅತ್ತೆ ಬಂದದ್ದು ಅದರ ಮುಂದಿನ ವಾರ.

“ಮಣ್ಣಾಗ ಕೈಯಾಡಿಸಾಕ ಎಂ.ಎ. ಓದಬೇಕೇನ?” ಇದು ಆಕೆಯ ದಿನದ ಮೊದಲ ಮಾತು. ಮಗನ ಡಬ್ಬಿ ಕಟ್ಟುವವರು ಯಾರು, ಮಧ್ಯಾಹ್ನ ತಾನು ಗೋಡೆ ನೋಡಿಕೊಂಡು ಕೂಡಬೇಕೇನು, ಇದು ಎರಡನೆಯದು. ಪಕ್ಕದ ಮನೆಯ ಉಡುಪಿ ಕಡೆಯವರ ಮುಂದೆ, “ನಮ್ಮ ಸೊಸಿ ಸುಡುಗಾಡಿಗೆ ಹೋಗ್ಯಾಳ, ಸಂಜೀಕ ಬರ್ತಾಳ” ಅಂದಿದ್ದಳು. ಅವರು ನನ್ನನ್ನು ಕಂಡಾಗ ಏನಾಯಿತು, ಯಾರು ತೀರಿಕೊಂಡರು ಅಂತ ಕೇಳಿದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಸುಡುಗಾಡು ಅನ್ನಲು ನಾನೇ ದಾರಿ ಮಾಡಿಕೊಟ್ಟಿದ್ದೆ. ದಿಬ್ಬದ ಮಗ್ಗುಲಲ್ಲಿ ಒಂದು ಗೋರಿ ಸಿಕ್ಕಿತ್ತು, ಒಬ್ಬ ಹೆಂಗಸಿನದು. ಮೊಣಕಾಲು ಮಡಿಸಿ ಮಲಗಿಸಿದ್ದರು, ಕಾಲಿನ ಎಲುಬಿನಲ್ಲಿ ಕಂಚಿನ ಕಡಗಗಳು ಇನ್ನೂ ಹಾಗೇ ಇದ್ದವು. ಅವನ್ನು ಬಿಚ್ಚಿ ತೆಗೆದ ಸಂಜೆ ನಾನು ಊಟಕ್ಕೆ ಕೂತಾಗ ತಡೆಯಲಾರದೆ ಹೇಳಿಬಿಟ್ಟೆ. ಅತ್ತೆಯ ಕೈಯ ತುತ್ತು ಕೈಯಲ್ಲೇ ಉಳಿಯಿತು.

“ಹೆಣದ ಕಾಲಾಗಿಂದು ಬಿಚ್ಚಿದ್ರಿ? ಬಿಚ್ಚಿ?”

“ಎರಡು ಸಾವಿರ ವರ್ಷದ ಹಳೇದು ಅತ್ತಿ. ಪೆಟ್ಟಿಗ್ಯಾಗ ಜೋಪಾನ ಇಡ್ತಾರ.”

“ಎಷ್ಟು ವರ್ಷಾದ್ರ ಏನು, ಕಾಲು ಆಕೀದಲ್ಲ?”

ಮಾರನೇ ದಿನದಿಂದ ಹೊಸ ಕಾನೂನು ಬಂತು. ದಿಬ್ಬದಿಂದ ಬಂದವಳು ತಲೆಮೇಲೆ ನೀರು ಹಾಕಿಕೊಳ್ಳದೆ ಅಡುಗೆಮನೆಗೆ ಕಾಲಿಡುವ ಹಾಗಿಲ್ಲ. ಇವರನ್ನು ಕೇಳಿದರೆ, “ಸ್ನಾನ ಮಾಡಿದ್ರ ನಿಂದೇನು ಹೋಗ್ತದ” ಅಂದರು. ಒದ್ದೆ ಕೂದಲಲ್ಲಿ ರೊಟ್ಟಿ ಬಡಿಯುತ್ತಾ ಇಬ್ಬರಿಗೂ ಮನಸಾರೆ ಶಾಪ ಹಾಕಿದೆ.

ಅಂಥದ್ದರಲ್ಲಿ ಸಾಹೇಬ ಒಂದು ಗುರುವಾರ, ಕೆಲಸ ಮಾಡುವವರೆಲ್ಲ ಮನೆಯವರನ್ನು ಕರೆತಂದು ತೋರಿಸಬಹುದು ಅಂದ. ಇವರಿಗೆ ಶಿಫ್ಟ್ ಇತ್ತು. ಒಬ್ಬಳನ್ನೇ ಬಿಟ್ಟುಹೋದರೆ ಅದಕ್ಕೂ ಒಂದು ಮಾತು ಕೇಳಬೇಕಾಗುತ್ತದೆ ಅಂತ ಅತ್ತೆಯನ್ನು ಕರೆದುಕೊಂಡು ಹೋದೆ. ಆಕೆ ಬುತ್ತಿ ಕಟ್ಟಿಕೊಂಡಳು: ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಒಂದು ದೊಡ್ಡ ಚೀಲದ ತುಂಬಾ. ದಿಬ್ಬದ ಮೇಲೆ ನಾನು ಉತ್ಸಾಹದಿಂದ ಇದು ಗೋಡೆ, ಇದು ಒಲೆ, ಇಲ್ಲಿ ಹಡಗಿನವರು ಇಳಿಯುತ್ತಿದ್ದರು, ಇದರಾಚೆ ಊರೇ ಇಲ್ಲ ಅಂತ ತೋರಿಸುತ್ತಾ ಹೋದೆ. ಆಕೆ ಮೊಣಕಾಲು ಹಿಡಿದುಕೊಂಡು ಕುಂಟುತ್ತಾ, “ಇಂಥಾ ನೀರಿಲ್ಲದ ಕಡೆ ಯಾರು ಹೆಣ್ಣು ಕೊಟ್ಟಿದ್ರೋ” ಅಂದಳು. ನಾನು ಸಾಹೇಬನ ಜೊತೆ ಮಾತಾಡಲು ಆಚೆ ಹೋದೆ. ಆಕೆ ಕ್ಯಾಬಿನ್ನಿನ ನೆರಳಿಗೆ ಕೂತಳು. ಅಗೆದು ತೆಗೆದ ಕಲ್ಲುಗಳನ್ನು ತೊಳೆದು ನಂಬರು ಬರೆದು ಚಾಪೆಯ ಮೇಲೆ ಒಣಗಲು ಇಡುತ್ತಿದ್ದುದು ಅಲ್ಲೇ.

ಶುಕ್ರವಾರ ಇವರಿಗೆ ರಜೆ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಕೆಂಪು ಹಿಂಡಿ, ಹಸಿ ಕೆಂಪು ಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿ ಕುಟ್ಟಿದ್ದು. ಇವರು ಒಂದು ತುತ್ತು ತಿಂದವರೇ ಕಣ್ಣು ಮುಚ್ಚಿದರು.

“ಯವ್ವಾ, ಖರೇ ಹಿಂಡಿ ಅಂದ್ರ ಇದು ನೋಡು! ಎಷ್ಟು ದಿವಸಾದ ಮ್ಯಾಲೆ!”

ಅತ್ತೆ ನನ್ನ ಕಡೆ ನೋಡಲೂ ಇಲ್ಲ, ಅಷ್ಟು ಖುಷಿ. ನಾನು ತಲೆ ತಗ್ಗಿಸಿ ತಿಂದೆ. ಸುಳ್ಳು ಯಾಕೆ ಹೇಳಲಿ, ಹಿಂಡಿ ಬಲು ಚೆನ್ನಾಗಿತ್ತು. ಅದು ಇನ್ನೂ ಹೊಟ್ಟೆ ಉರಿಸಿತು. ಹೇಗೆ ಕುಟ್ಟಿದಳು ಅಂತ ಕೇಳುವಷ್ಟು ಬುದ್ಧಿ ಓಡಲಿಲ್ಲ. ಮಿಕ್ಸಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿರಬೇಕು ಅಂದುಕೊಂಡೆ.

ಶನಿವಾರ ದಿಬ್ಬಕ್ಕೆ ಹೋದರೆ ಅಲ್ಲಿ ಯಾರೂ ಅಗೆಯುತ್ತಿರಲಿಲ್ಲ. ಕೆಲಸಗಾರರೆಲ್ಲ ಸಾಲಾಗಿ ಕುಕ್ಕರಗಾಲಲ್ಲಿ ಕೂತಿದ್ದರು. ಸಾಹೇಬ ಕೂಗಾಡುತ್ತಿದ್ದ. ಚಾಪೆಯ ಮೇಲಿದ್ದ ಒಂದು ಕಲ್ಲು ಮಾಯವಾಗಿತ್ತು. ಬೋಗುಣಿಯಷ್ಟು ಗಾತ್ರದ್ದು, ನಡುವೆ ಗುಳಿ ಬಿದ್ದದ್ದು. ದಿಬ್ಬದ ಹಳೇ ಊರಿನ ಒಂದು ಮನೆಯ ನೆಲದಲ್ಲಿ ಸಿಕ್ಕಿದ್ದು; ತೊಳೆದ ಮೇಲೂ ಅದರ ಸಣ್ಣ ರಂಧ್ರಗಳಲ್ಲಿ ಏನು ಉಳಿದಿದೆ ಅಂತ ಅವನ ದೇಶದಲ್ಲಿ ಪರೀಕ್ಷೆ ಮಾಡಿಸುವವನಿದ್ದ. ಆ ಗಡಿ ಊರಿನ ಜನ ಏನು ಕುಟ್ಟಿ ತಿನ್ನುತ್ತಿದ್ದರು ಅನ್ನುವುದರ ಮೇಲೆ ಅವನ ವಾದದ ಅರ್ಧ ನಿಂತಿತ್ತು. ಗುರುವಾರ ಕಲ್ಲು ತೊಳೆದ ಇಬ್ಬರು ಪಠಾಣರ ಲೇಬರ್ ಕಾರ್ಡನ್ನು ಕೂಲಿಗಳ ಮೇಲಿನ ಮುಕಾದಮ ಕಸಿದುಕೊಂಡಿದ್ದ. ಕಲ್ಲು ಮಾರಿಕೊಂಡಿದ್ದಾರೆ, ನಾಳೆಯೊಳಗೆ ಸಿಗದಿದ್ದರೆ ಪೊಲೀಸು, ಆಮೇಲೆ ವೀಸಾ ಕ್ಯಾನ್ಸಲ್, ಖಲಾಸ್.

ಗುಳಿ ಬಿದ್ದ ಕಲ್ಲು ಅಂದ ಕೂಡಲೇ ನನ್ನ ಬಾಯಲ್ಲಿ ಶುಕ್ರವಾರದ ಹಿಂಡಿಯ ರುಚಿ ಬಂತು. ತಲೆನೋವು ಅಂತ ಹೇಳಿ ಕಾರು ಹತ್ತಿದೆ.

ಅಡುಗೆಮನೆಯ ಸಿಂಕಿನ ಕೆಳಗೆ, ಹಳೇ ಟವೆಲ್ ಸುತ್ತಿ ಇಟ್ಟಿದ್ದಳು. ದಿಬ್ಬದ ಆ ಕಲ್ಲೇ. ಬಿಳಿ ಬಣ್ಣದ ನಂಬರನ್ನು ತಿಕ್ಕಿ ತೊಳೆದಿದ್ದಳು. ಹೊಸ ಒಳ್ಳು ಮನೆಗೆ ತಂದಾಗ ಮಾಡುವುದನ್ನೆಲ್ಲ ಮಾಡಿದ್ದಳು: ಉಪ್ಪು, ಜೋಳ ಹಾಕಿ ಕುಟ್ಟಿ ಚೆಲ್ಲಿ, ಅರಿಶಿನ ಕುಂಕುಮ ಹಚ್ಚಿ, ಆಮೇಲೆ ಮೆಣಸಿನಕಾಯಿ ಹಾಕಿದ್ದಳು. ಗುಳಿಯೆಲ್ಲ ಕೆಂಪಗಾಗಿತ್ತು, ಬೆಳ್ಳುಳ್ಳಿ ಘಮ್ಮಂತಿತ್ತು.

“ಅತ್ತೀ, ಏನ್ ಮಾಡಿದ್ರಿ ಇದು!”

“ಏನ್ ಮಾಡಿದೆ? ಒಳ್ಳು ಬಿದ್ದಿತ್ತು, ಬುತ್ತಿ ಚೀಲದಾಗ ಹಾಕ್ಕೊಂಡು ತಂದೆ. ಅಲ್ಲಿ ಯಾರು ಕುಟ್ಟವರು ಅದಾರ?”

“ಕೇಳದಾ ತಂದ್ರ ಕಳವು ಅಂತಾರ!”

“ಯಾರನ್ನ ಕೇಳಲಿ? ಇಟ್ಟವರು ಸತ್ತು ಮಣ್ಣಾಗ್ಯಾರ. ನೀನ ಹೇಳಿದಿ.”

ನಾನು ಕಿರುಚಿದೆ. ಆಗ ಏನೇನು ಅಂದೆನೋ ಎಲ್ಲ ನೆನಪಿಲ್ಲ. ನನ್ನ ಬಾಳಿಗೆ ಬೆಂಕಿ ಇಟ್ಟಿರಿ ಅಂದದ್ದು ನೆನಪಿದೆ. ಆಕೆಯೂ ಬಿಡಲಿಲ್ಲ. ಮಗನ ಮನೆಯಲ್ಲಿ ಒಂದು ಕಲ್ಲಿಗೆ ಇಷ್ಟು ಮಾತೇ, ನಾಳೆಯೇ ಟಿಕೆಟ್ ತೆಗಿ ಅಂದಳು. ಇವರು ಶಿಫ್ಟ್ ಮುಗಿಸಿ ಬಂದು, ಕೇಳಿ, ತಲೆ ಕೆರೆದುಕೊಂಡು, “ಯಾರಿಗೂ ಕಾಣದಂಗ ಅಲ್ಲೇ ಇಟ್ಟು ಬಂದುಬಿಡು” ಅಂದರು. ಬೆಳ್ಳುಳ್ಳಿ ನಾರುವ ಕಲ್ಲನ್ನು ಕಾಣದಂತೆ ಇಡುವುದು ಹೇಗೆ ಅಂತ ಎಂಜಿನಿಯರು ಹೇಳಲಿಲ್ಲ. ಅತ್ತ ಇಬ್ಬರು ಮಂದಿ ಪೊಲೀಸಿನ ದಾರಿ ಕಾಯುತ್ತಿದ್ದರು.

ಬೆಳಿಗ್ಗೆ ಕಲ್ಲನ್ನು ಕಾರಿನಲ್ಲಿಟ್ಟೆ. ಆಕೆ ಬಾಗಿಲಲ್ಲಿ ಕೈ ಕಟ್ಟಿ ನಿಂತು ನೋಡುತ್ತಿದ್ದಳು.

“ನಡೀರಿ, ನೀವೂ ಬರ್ರಿ,” ಅಂದೆ. “ತಂದವರು ನೀವು. ನಿಮ್ಮ ಕೈಯಾರ ಕೊಡ್ರಿ.”

ಬರುವುದಿಲ್ಲ ಅನ್ನುತ್ತಾಳೆ ಅಂದುಕೊಂಡಿದ್ದೆ. ಆಕೆ ಸೀರೆ ಬದಲಿಸಿ, ಕುಂಕುಮ ತಿದ್ದಿಕೊಂಡು ಬಂದು ಕಾರು ಹತ್ತಿದಳು.

ಕ್ಯಾಬಿನ್ನಿನಲ್ಲಿ ಸಾಹೇಬ, ಮುಕಾದಮ, ಆ ಇಬ್ಬರು ಪಠಾಣರು ಇದ್ದರು. ಮೇಜಿನ ಮೇಲೆ ಪೆಟ್ಟಿಗೆಗಳು ತೆರೆದಿದ್ದವು. ನಾನು ಕಲ್ಲು ಇಟ್ಟು, ನಡೆದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ: ಹಳ್ಳಿಯ ಹೆಂಗಸು, ಅಡುಗೆಗೆ ಬರುವ ಕಲ್ಲು ಅಂತ ತಂದಿದ್ದಾಳೆ, ಇವರದ್ದೇನೂ ತಪ್ಪಿಲ್ಲ. ಸಾಹೇಬ ಕಲ್ಲನ್ನು ಮೂಗಿನ ಹತ್ತಿರ ಹಿಡಿದ. ಅವನ ಮುಖ ಬೆಳ್ಳಗಾಯಿತು. ಎರಡು ಸಾವಿರ ವರ್ಷ ಉಳಿದದ್ದು ಒಂದು ಊಟಕ್ಕೆ ಹೋಯಿತು ಅಂದ. ಅದು ನ್ಯಾಯವಾದ ಸಂಕಟ. ಪಠಾಣರ ಕಾರ್ಡು ವಾಪಸ್ ಕೊಡಿಸಿದ. ಅವರು ನಮ್ಮ ಕಡೆ ಕೆಕ್ಕರಿಸಿ ನೋಡಿ ಹೊರಗೆ ಹೋಗಿ, ಬಾಗಿಲಾಚೆಯೇ ನಿಂತರು.

ಆಮೇಲೆ ಅವನು ನನಗೆ ಹೇಳಿದ: “ನಿಮ್ಮ ಕೆಲಸ ಒಳ್ಳೆಯದು, ನಿಮ್ಮನ್ನು ಕಳೆದುಕೊಳ್ಳಲು ನನಗಿಷ್ಟವಿಲ್ಲ. ಆದರೆ ಇವರು ಕಳ್ಳತನ ಮಾಡಿದ್ದಾರೆ. ತಾನು ಕದ್ದೆ, ಕ್ಷಮಿಸಿ ಅಂತ ಇವರೇ ನನ್ನ ಮುಂದೆ ಹೇಳಲಿ. ಅಷ್ಟಾದರೆ ಇಲ್ಲಿಗೇ ಮುಗಿಯಿತು.”

“ಏನಂತಾನ?” ಅತ್ತೆ ಕೇಳಿದಳು.

“ನೀವು ಕಳವು ಮಾಡೀರಿ ಅಂತಾರ. ತಪ್ಪಾತು ಅನ್ರಿ, ಸಾಕು. ಅತ್ತೀ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಮಾತು ಅಂದುಬಿಡ್ರಿ.”

ಹೌದು, ಕಾಲಿಗೆ ಬೀಳುತ್ತೇನೆ ಅಂದೆ. ಆಕೆಗೆ ಯಾವತ್ತೂ ಅಂದಿರಲಿಲ್ಲ.

ಆಕೆ ಸಾಹೇಬನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮೇಜಿನ ಮೇಲೆ ತೆರೆದಿದ್ದ ಪೆಟ್ಟಿಗೆಯನ್ನು ನೋಡಿದಳು. ಅದರಲ್ಲಿ ಹತ್ತಿಯ ಮೇಲೆ ಕಡಗಗಳಿದ್ದವು. ಬೆರಳು ಅದರ ಕಡೆ ಹೋಯಿತು.

“ನಾ ಕುಟ್ಟೋ ಕಲ್ಲು ತಗೊಂಡ್ರ ಕಳ್ಳಿ. ಹೆಣದ ಕಾಲಾಗಿನ ಕಡಗ ಬಿಚ್ಚಿ ಪೆಟ್ಟಿಗ್ಯಾಗ ಇಟ್ಕೊಂಡಾನಲ್ಲ ಇಂವ, ಇವಂಗ ಇವನ ಊರಾಗ ಏನಂತಾರ ಕೇಳು. ಇವನ ಅವ್ವನ ಗೋರಿ ಯಾರರ ಹಿಂಗ ಅಗದ್ರ ಕುರ್ಚಿ ಹಾಕಿ ಕೂಡಿಸ್ತಾನೇನ ಕೇಳು.”

ಸಾಹೇಬ ನನ್ನ ಕಡೆ ತಿರುಗಿ, “ಏನಂದರು?” ಅಂದ. ಮುಕಾದಮನೂ ನನ್ನನ್ನೇ ನೋಡುತ್ತಿದ್ದ. ಅಲ್ಲಿ ಎರಡೂ ಭಾಷೆ ಬರುತ್ತಿದ್ದದ್ದು ನನಗೊಬ್ಬಳಿಗೆ.

ಆಕೆಯನ್ನು ನಾನು ಮನಸ್ಸಿನಲ್ಲಿ ಕಳ್ಳಿ, ಕೊಳಕಿ, ಹಾಳು ಮುದುಕಿ ಅಂತ ಹಿಂದಿನ ದಿನವಿಡೀ ಬೈದಿದ್ದೆ. ಅವನ ಬಾಯಲ್ಲಿ ಆ ಮಾತು ಬಂದದ್ದು ಮಾತ್ರ ನನಗೆ ಸಹಿಸಲಾಗಲಿಲ್ಲ. ಅದೂ ಅಲ್ಲದೆ ಆ ಕಡಗ ಬಿಚ್ಚುವಾಗ ಕುಂಚ ಹಿಡಿದು ಮಣ್ಣು ಸರಿಸಿದವಳು ನಾನು. ಒಂದು ಕಡಗ ಎಲುಬಿಗೆ ಅಂಟಿಕೊಂಡಿತ್ತು, ಸಾಹೇಬ ಚಿಮಟದಿಂದ ಜಗ್ಗಿದ್ದ, ಆಗ ಟಪ್ ಅಂತ ಆದ ಸಣ್ಣ ಸದ್ದು ನನಗೆ ಹಿಡಿಸಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಆಕೆ ಬೈದಳು, ಸಿಟ್ಟು ಯಾರ ಮೇಲೆ ಅಂತ ನನಗೇ ತಿಳಿಯದೆ ಹೋಯಿತು.

ಹೇಳಿಬಿಟ್ಟೆ. ಒಂದು ಅಕ್ಷರ ಬಿಡದೆ, ಒಳ್ಳೆಯ ಇಂಗ್ಲಿಷಿನಲ್ಲಿ, ಅವ್ವನ ಗೋರಿ ಸಮೇತ.

ಸಾಹೇಬ ಕಡಗಗಳ ಪೆಟ್ಟಿಗೆಯ ಮುಚ್ಚಳ ಮುಚ್ಚಿ, ನನ್ನ ಕೈಚೀಲ ತೆಗೆದು ನನಗೆ ಕೊಟ್ಟ. ನಾಳೆಯಿಂದ ಬರುವುದು ಬೇಡ, ಮುಂದಿನ ಚಳಿಗಾಲಕ್ಕೂ ಬೇಡ ಅಂದ. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಹೆದ್ದಾರಿಗೆ ಬರುವವರೆಗೂ ತಡೆದುಕೊಂಡೆ, ಆಮೇಲೆ ಕಣ್ಣೀರು ತಾನಾಗಿ ಹರಿಯಿತು. ಎದುರಿಗೆ ರಸ್ತೆ ಮಂಜಾಗಿ ಕಾಣುತ್ತಿತ್ತು, ಕಾರನ್ನು ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿದೆ.

“ಯಾಕ ಅಳ್ತಿ? ಏನಂದ?”

“ಬರಬ್ಯಾಡ ಅಂದ್ರು. ಎಂದೂ ಬರಬ್ಯಾಡ ಅಂದ್ರು.”

“ಯಾಕ? ನೀ ಏನಂದಿ ಅವಂಗ?”

“ನೀವು ಅಂದದ್ದನ್ನ ಅಂದೆ. ಎಲ್ಲಾ ಹೇಳಿದೆ.”

ಆಕೆ ಗಾಬರಿಯಿಂದ ನನ್ನ ಕಡೆ ಪೂರ್ತಿ ತಿರುಗಿದಳು. ಆಕೆಯ ಮುಖದಲ್ಲಿ ಅಂಥ ಗಾಬರಿ ನಾನು ಯಾವತ್ತೂ ಕಂಡಿರಲಿಲ್ಲ.

“ಎಲ್ಲಾ ಹೇಳಿದಿ? ಖರೇನ? ಅಯ್ಯ ನಿನ್ನ! ನಾ ಬಾಯಿಗೆ ಬಂದಂಗ ಬೈದ್ರ, ಆಕಿ ತಪ್ಪಾತು ಅಂದಾಳ ಅಂತ ನೀ ಅವಂಗ ಹೇಳತಿ ಅಂದ್ಕೊಂಡಿದ್ದೆ! ಅವಂಗೇನು ಕನ್ನಡ ಬರ್ತದ? ನನಗೇನು ಇಂಗ್ಲಿಷ್ ಬರ್ತದ? ನಿನ್ನ ಕೆಲಸ ಉಳೀಲಿ ಅಂತನ ಬಂದೆ ಇಷ್ಟು ದೂರ.”

ನಾನು ಸ್ಟೇರಿಂಗಿನ ಮೇಲೆ ತಲೆ ಇಟ್ಟೆ. ಲಾರಿಗಳು ಪಕ್ಕದಲ್ಲೇ ಹಾದುಹೋಗುತ್ತಿದ್ದವು, ಒಂದೊಂದಕ್ಕೂ ಕಾರು ನಡುಗುತ್ತಿತ್ತು. ಆಕೆ ಸೆರಗಿನಿಂದ ನನ್ನ ಮುಖ ಒರೆಸಿದಳು, ಗದ್ದ ಕೆಂಪಾಗುವಷ್ಟು ಒರಟಾಗಿ.

“ಇಷ್ಟೆಲ್ಲಾ ಓದೀದಿ,” ಅಂದಳು, “ಒಂದು ಸುಳ್ಳು ಹೇಳಾಕ ಬರಲಿಲ್ಲಲ್ಲ ನಿನಗ.”